ಮುಳುಗಿದ ಊರಿಗೊಂದು ಪುಟ

ನವೆಂಬರ್ 4, ಬೆಳಗ್ಗೆ

ಇತಿಹಾಸ ಕಿವಿಗೊಟ್ಟು ಕೇಳಲಿ: ಈ ದಿನ, ಎರಡನೇ ಲೋಟ ಕಾಫಿಗೂ ಮೊದಲೇ, ನಮ್ಮ ವೆಬ್‌ಸೈಟಿನ ಮೊದಲ ಪುಟಕ್ಕೆ ನಾಮಕರಣವಾಯಿತು. ಇಷ್ಟು ವರ್ಷ ಅದರ ತಲೆಯ ಮೇಲೆ ‘ಹೋಮ್’ ಎಂದಷ್ಟೇ ಇತ್ತು. ಇನ್ನು ಮುಂದೆ ‘ಲೈಮನ್ ಫರ್ನೇಸ್ ರಿಪೇರಿ, ಕೋರ್ಬೆಟ್‌ವಿಲ್, ಪೆನ್ಸಿಲ್ವೇನಿಯಾ’. ಪುರೋಹಿತ — ವೆಂಡೆಲ್. ನನ್ನ ಹೆಂಡತಿ ನೋರೀನಳ ತಮ್ಮ, ಹಲ್ಲಿನ ಡಾಕ್ಟರುಗಳ ವೆಬ್‌ಸೈಟು ನೋಡಿಕೊಳ್ಳುವವ.

“ಭಾವ, ‘ಹೋಮ್’ ಅಂತ ಯಾರು ಹುಡುಕ್ತಾರೆ? ಮನೆ ಬಿಟ್ಟು ಓಡಿಹೋದೋರು ಮಾತ್ರ.”

ನಗುವ ವಿಷಯವಲ್ಲ. ಚಳಿ ಬಂತು, ಮನೆ ಬೆಚ್ಚಗಿಡುವ ಫರ್ನೇಸ್‌ಗಳು ಕೈಕೊಡುವ ಕಾಲ, ಆದರೂ ಫೋನ್ ಮಲಗಿದೆ. ಸರ್ಚ್ ಮಾಡಿದರೆ ಮೇಲೆ ಬರುವವರು ಹೆದ್ದಾರಿ ಪಕ್ಕದ ಕಿತ್ತಳೆ ಷರ್ಟಿನ ಕಂಪನಿಯವರು. ನಾವು ನಾಲ್ಕನೇ ಪುಟದ ತಳದಲ್ಲಿ. ಕ್ರಿಸ್‌ಮಸ್‌ವರೆಗೂ ಹೀಗೇ ಆದರೆ ಅಪ್ಪ ಕಟ್ಟಿದ ಅಂಗಡಿಗೆ ಬೀಗ ಹಾಕಿ ನಾನೂ ಆ ಷರ್ಟು ತೊಡುವುದು. ನನಗೆ ಕಿತ್ತಳೆ ಒಪ್ಪುವುದಿಲ್ಲ.

ನವೆಂಬರ್ 6

ಇಂದಿನ ಪಾಠ: ಪ್ರತಿ ಫೋಟೊದ ಹಿಂದೆ ಅದರಲ್ಲೇನಿದೆ ಎಂದು ಬರೆಯಬೇಕಂತೆ. ಸರ್ಚ್ ಯಂತ್ರಕ್ಕೆ ಕಣ್ಣಿಲ್ಲವಲ್ಲ. ನನ್ನ ಫೋಟೊಗೆ ‘ನಗುಮುಖದ ತಂತ್ರಜ್ಞ’ ಎಂದು ಬರೆದೆ.

ನೋರೀನ್ ಇಣುಕಿದಳು. “ಎಲ್ಲಿದೆ ಮಾರಾಯ ನಗು? ಹಲ್ಲುನೋವು ಬಂದೋನ ಹಾಗಿದೀಯ. ನಿಜ ಬರಿ.”

‘ಫರ್ನೇಸ್ ಪಕ್ಕ ನಿಂತ ಮನುಷ್ಯ’ ಎಂದು ತಿದ್ದಿದೆ. ಮೂವತ್ತು ವರ್ಷದ ದಾಂಪತ್ಯ.

ನವೆಂಬರ್ 9

ಊರಿಗೊಂದು ಪುಟ ಬೇಕಂತೆ. ಅಪ್ಪನ ಕಾಲದ ಗೋಡೆ ನಕ್ಷೆ ನೋಡಿಕೊಂಡು ಸುತ್ತಲಿನ ಎಲ್ಲ ಊರಿಗೂ ಮಾಡಿದೆ. ಒಂದೇ ಒಕ್ಕಣೆ, ಹೆಸರು ಮಾತ್ರ ಬೇರೆ: ‘ಕರೆದ ಒಂದು ಗಂಟೆಯಲ್ಲಿ ಬರುತ್ತೇವೆ. ಇದು ನಮ್ಮ ಮಾತು.’

“ನಕಲು ಹೊಡೆದರೆ ಯಂತ್ರ ಮೂಸೂ ನೋಡಲ್ಲ, ಭಾವ. ಊರಿನ ಬಗ್ಗೆ ನಾಲ್ಕು ಸಾಲು ಹಾಕು,” ಎಂದ ವೆಂಡೆಲ್.

ಹಾಕಿದೆ. ಪ್ರೂಯೆಟ್ ಮಿಲ್ಸ್‌ಗೆ ಬಹಳ ಚೆನ್ನಾಗಿ ಬಂತು — ಹಿಟ್ಟಿನ ಗಿರಣಿ, ಹಸಿರು ಛಾವಣಿಯ ಚರ್ಚು, ಅಪ್ಪ ಹೇಳುತ್ತಿದ್ದದ್ದೆಲ್ಲ.

ನೋರೀನ್ ಓದಿ ಕೆಮ್ಮುವಷ್ಟು ನಕ್ಕಳು. “ಪ್ರೂಯೆಟ್ ಮಿಲ್ಸಾ? ಅಣೆಕಟ್ಟು ಕಟ್ಟಿ ಅದನ್ನ ಮುಳುಗಿಸಿದಾಗ ನೀನಿನ್ನೂ ಹುಟ್ಟಿರಲಿಲ್ಲ! ಮೀನಿಗೆ ಫರ್ನೇಸ್ ಹಾಕ್ತೀಯಾ?”

ನಾಳೆ ಅಳಿಸುತ್ತೇನೆ.

ನವೆಂಬರ್ 10

ಅಳಿಸಲಿಲ್ಲ. ಸೋಮಾರಿತನ. ಚೆನ್ನಾಗಿ ಬಂದಿದೆಯಲ್ಲ ಎಂಬ ಮಮಕಾರವೂ…

ನವೆಂಬರ್ 17

ಫೋನ್ ಎದ್ದಿದೆ! ಬೆಳಗಿನಿಂದ ಬಿಡುವಿಲ್ಲ. ಕಿತ್ತಳೆಯವರನ್ನು ಕೆಳಗೆ ತಳ್ಳಿ ನಾವೇ ಮೊದಲು. ನೋರೀನ್ ಮೀಟ್‌ಲೋಫ್ ಮಾಡಿದಳು. ಊಟಕ್ಕೆ ಬಂದ ವೆಂಡೆಲ್ ಮಾತ್ರ ತಟ್ಟೆ ಮುಟ್ಟದೆ ಲ್ಯಾಪ್‌ಟಾಪ್ ನೋಡುತ್ತಿದ್ದ.

“ಭಾವ, ಇಷ್ಟಕ್ಕೂ ಕಾರಣ ಆ ಮುಳುಗಿದ ಊರಿನ ಪುಟ. ಸೈಟನ್ನೇ ಎತ್ತಿಬಿಟ್ಟಿದೆ. ಜನ ಬಂದು ಅಲ್ಲೇ ಗಂಟೆಗಟ್ಟಲೆ ಕೂತಿರ್ತಾರೆ.”

“ಓದ್ತಾರೇನೋ.”

“ಎರಡು ನಿಮಿಷದ ಓದು ಅದು. ಆಮೇಲೆ ಏನ್ ಮಾಡ್ತಾರೆ? ಏನೂ ಒತ್ತಲ್ಲ, ಎಲ್ಲೂ ಹೋಗಲ್ಲ. ಸುಮ್ನೆ ಇರ್ತಾರೆ.”

“ಬೆಚ್ಚಗಿರಬೇಕು ಬಿಡು,” ಎಂದೆ. ಯಾರೂ ನಗಲಿಲ್ಲ.

ನವೆಂಬರ್ 23, ಮಧ್ಯಾಹ್ನ

ಒಂದು ಕರೆ. ನಂಬರ್ ಕಾಣಲಿಲ್ಲ. ಮುದುಕಿಯ ದನಿ.

“ಪ್ರೂಯೆಟ್ ಮಿಲ್ಸ್‌ಗೆ ಬರ್ತೀರಂತಲ್ಲಪ್ಪ?”

“ಯಾರಮ್ಮ ನೀವು?”

“ಗಿರಣಿ ಪಕ್ಕದ ಮನೆ. ಚಳಿ ಕಣಪ್ಪ, ತುಂಬಾ ಚಳಿ. ನಮ್ಮೂರಿಗೆ ಬರ್ತೀವಿ ಅಂತ ಯಾರೂ ಬರೆದಿರಲಿಲ್ಲ, ನೀನೊಬ್ಬ ಬರೆದೆ.”

ಕಿತ್ತಳೆಯವರ ಕುಚೋದ್ಯ ಎಂದುಕೊಂಡೆ. ಫೋನಿಟ್ಟ ಮೇಲೆ ಹೊಳೆಯಿತು — ಅಷ್ಟು ಹೊತ್ತು ಮಾತಾಡಿದ ಮುದುಕಿ ನಡುವೆ ಒಮ್ಮೆಯೂ ಉಸಿರೆಳೆದುಕೊಳ್ಳಲಿಲ್ಲ.

ಪುಟ ಅಳಿಸಿದೆ.

ನವೆಂಬರ್ 29

ಮುದುಕಿಯ ಕರೆಯಿಲ್ಲ. ಬೇರೆ ಯಾರ ಕರೆಯೂ ಇಲ್ಲ. ಮತ್ತೆ ನಾಲ್ಕನೇ ಪುಟ.

“ಷರ್ಟು ಯಾವ ಸೈಜು ಹೇಳ್ಲಿ?” ಎಂದಳು ನೋರೀನ್. ತಮಾಷೆಯ ದನಿಯಲ್ಲ. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ವೆಂಡೆಲ್‌ಗೆ ಹೇಳಿ ಪುಟ ವಾಪಸ್ ಹಾಕಿಸಿದೆ. ಅವನದು ಹೊಸ ಉಪದೇಶ: “ಈ ಪುಟ ಅನಾಥ ಭಾವ, ಇನ್ಯಾವ ಪುಟದಿಂದಲೂ ಇದಕ್ಕೆ ಲಿಂಕ್ ಇಲ್ಲ. ಮೊದಲ ಪುಟದಿಂದ ಒಂದು ಕೊಡು. ಅಲ್ಲಿಂದ ಇಲ್ಲಿಗೂ ಒಂದು. ದಾರಿ ಇದ್ರೆ ತಾನೇ ಓಡಾಟ?”

ಕೊಟ್ಟೆ.

ಡಿಸೆಂಬರ್ 3

ಬೆಳಗ್ಗೆ ತಿಂಡಿ ಹೊತ್ತಿಗೆ ಅದೇ ದನಿ. ಬಹಳ ಸಂತೋಷದಲ್ಲಿತ್ತು.

“ದಾರಿ ಆಯ್ತು ಕಣಪ್ಪ. ನೀನು ಬರ್ತೀಯೋ, ನಾವೇ ಬರೋದೋ? ನಾವು ತುಂಬಾ ಜನ ಇದೀವಿ. ನಿಮ್ಮನೆ ಚಿಕ್ಕದಲ್ವಾ?”

ನೋರೀನ್ ಎದುರಿಗೇ ಟೋಸ್ಟಿಗೆ ಬೆಣ್ಣೆ ಸವರುತ್ತಿದ್ದಳು. “ಯಾರದು?”

“ಗಿರಾಕಿ,” ಎಂದೆ. ಫೋನಿಗೆ, “ನಾಳೆ ನಾನೇ ಬರ್ತೀನಮ್ಮ,” ಎಂದೆ.

ಡಿಸೆಂಬರ್ 4, ಮಧ್ಯಾಹ್ನ

ಜಲಾಶಯದ ದಡ. ವ್ಯಾನಿನಲ್ಲಿ ಕೂತು ಬರೆಯುತ್ತಿದ್ದೇನೆ. ಒಳ್ಳೆಯ ಬಿಸಿಲು. ನೀರೆಲ್ಲ ಹೆಪ್ಪುಗಟ್ಟಿದೆ. ಹಳೆಯ ರಸ್ತೆ ದಡದಲ್ಲಿ ಮುಳುಗುವ ಜಾಗದಿಂದ ಮುಂದಕ್ಕೆ, ಮಂಜುಗಡ್ಡೆಯ ಮೇಲಿನ ಹಿಮವನ್ನು ಯಾರೋ ನೀಟಾಗಿ ಗುಡಿಸಿದ್ದಾರೆ. ಒಂದು ವ್ಯಾನಿನ ಅಗಲಕ್ಕೆ. ನಡುನೀರಿನ ಹತ್ತಿರ ಅದು ಇಳಿಜಾರಾಗಿ ಕೆಳಗೆ ಹೋಗುತ್ತದೆ. ಅಲ್ಲೊಂದು ಹಸಿರು… ಛಾವಣಿಯೇ.

ಹೊರಡುವ ಮುಂಚೆ ನೋರೀನಳಿಗೆ ಎಲ್ಲ ಹೇಳಿದ್ದು ತಪ್ಪಾಯಿತು. “ಹೋಗಿ ನೋಡು, ಇವತ್ತೇ ಆ ಪುಟ, ಆ ಲಿಂಕು ಎಲ್ಲ ಕಿತ್ತು ಹಾಕಿಸ್ತೀನಿ!” ಎಂದು ಕೂಗಿದಳು. ಹೇಳಿದರೆ ಮಾಡುವವಳೇ. ಹೋಗದೇ ಇರುವಂತಿಲ್ಲ — ಹೋಗದಿದ್ದರೆ ಅವರು ಬರುತ್ತಾರೆ, ಅವಳಿರುವ ಮನೆಗೆ. ಇಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ನನ್ನ ಅನುಭವದಲ್ಲಿ ಹಳೇ ಫರ್ನೇಸ್ ರಿಪೇರಿ ಅರ್ಧ ದಿನದ ಕೆಲಸ.

ಡೈರಿ ಸೀಟಿನ ಮೇಲೆ ಇಟ್ಟು ಹೋಗುತ್ತಿದ್ದೇನೆ. ವ್ಯಾನು ಇಲ್ಲೇ ಇರಲಿ, ಮಂಜುಗಡ್ಡೆಯನ್ನು ಅಷ್ಟೊಂದು ನಂಬಲಾರೆ. ಯಾರು ನೀವು ಇದನ್ನು ಓದುತ್ತಿದ್ದೀರೋ, ಸಣ್ಣದೊಂದು ಉಪಕಾರ. ಗುಡ್ಡದ ಮೇಲಕ್ಕೆ ಹೋದರೆ ಸಿಗ್ನಲ್ ಸಿಗುತ್ತದೆ; ನನಗೆ ಅಷ್ಟು ಹೊತ್ತಿಲ್ಲ, ಕೆಳಗೆ ಕಾಯುತ್ತಿದ್ದಾರೆ. ವ್ಯಾನಿನ ಬಾಗಿಲ ಮೇಲಿರುವ ನಂಬರಿಗೆ ಒಂದು ಕರೆ ಮಾಡಿ, ನನ್ನ ಹೆಂಡತಿಗೆ ಹೇಳಿ — ಅಲ್ಲಿಂದ ಇಲ್ಲಿಗೆ ಬರುವ ಲಿಂಕನ್ನು ಈಗಲೇ ತೆಗೆಸಬೇಡ, ನಾನು ಹತ್ತಿ ಮೇಲೆ ಬರುವ ತನಕ