ಹಬ್ಬಕ್ಕೆ ಐದು ದಿನ ಮೊದಲು

ಆಫೀಸು, ಕಿಟಕಿ ಪಕ್ಕದ ನನ್ನ ಮೇಜು
ಶನಿವಾರ, ಮಾರ್ಚ್ ೮, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯೆ? ಬೆರಳುಗಳು ಹೇಗಿವೆ? ದಪ್ಪ ಬಟ್ಟೆ ಹೊಲಿದು ಹೊಲಿದು ನಿನ್ನ ಹೆಬ್ಬೆರಳು ಸೆಟೆದುಕೊಳ್ಳುತ್ತಿತ್ತಲ್ಲ, ಈಗಲೂ ಹಾಗೇ ಆಗುತ್ತದೆಯೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಮೊದಲಿನ ಹಾಗೆ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ದಿನ ಕಳೆಯುತ್ತೀಯೋ? ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಮಗಳಿಗೆ ನಾಲ್ಕು ತುಂಬಿತು. ನೀನು ಅವಳನ್ನು ನೋಡಿಲ್ಲ, ಆದರೆ ಅವಳಿಗೆ ನೀನು ಚೆನ್ನಾಗಿಯೇ ಗೊತ್ತು. ಅವಳ ಬಾಯಲ್ಲಿ ನೀನು ‘ಕಾರ್ಡ್ ದೊಡ್ಡಮ್ಮ’. ಅಂಚೆಯವನ ಸೈಕಲ್ ಸದ್ದು ಕೇಳಿದರೆ ಸಾಕು, ಬಾಗಿಲಿಗೆ ಓಡುತ್ತಾಳೆ. ದೊಡ್ಡಮ್ಮ ಎಂದರೆ ಅಂಗೈ ಅಗಲ ಇರುತ್ತಾಳೆ, ಒಂದು ಬದಿಗೆ ಚಿತ್ರ, ಇನ್ನೊಂದು ಬದಿಗೆ ಅಕ್ಷರ ಎಂದೇ ಅವಳು ತಿಳಿದಿರುವಂತಿದೆ. ಅಮ್ಮನ ಮೊಣಕಾಲಿನ ವಿಷಯ ಕೊನೆಗೆ ಹೇಳುತ್ತೇನೆ. ನೀನು ಕೇಳುವುದು ಅದೊಂದನ್ನೇ ಎಂದು ಗೊತ್ತು, ಅದಕ್ಕೇ ಕಾಯಿಸುತ್ತಿದ್ದೇನೆ.

ಈ ಕಾಗದ ನಿನ್ನ ಕೈ ಸೇರಿದ್ದೇ ನಿನಗೆ ಆಶ್ಚರ್ಯವಾಗಿರಬೇಕು. ನೀನು ಫೋನ್ ನಂಬರು ಬದಲಾಯಿಸಿದೆ, ವಿಳಾಸ ಕೊಡಲಿಲ್ಲ, ಐದು ವರ್ಷದಲ್ಲಿ ಹತ್ತೊಂಬತ್ತು ಕಾರ್ಡು ಹಾಕಿದೆ. ಎಲ್ಲದರಲ್ಲೂ ಅದೇ ಮೂರು ಸಾಲು: ಚೆನ್ನಾಗಿದ್ದೇನೆ, ಕೆಲಸ ಜಾಸ್ತಿ, ಅಮ್ಮನ ಮೊಣಕಾಲು ಹೇಗಿದೆ. ಉತ್ತರ ಯಾರಿಗೆ ಬರೆಯಬೇಕಿತ್ತು, ಗಾಳಿಗೇ? ನನ್ನ ಮದುವೆಗೆ ನೀನು ಬರಲಿಲ್ಲ. ಎಲ್ಲೋ ಮುಖವಾಡದ ಮೆರವಣಿಗೆ, ಇನ್ನೂ ನಲವತ್ತು ನಿಲುವಂಗಿ ಹೊಲಿಯುವುದಿದೆ ಎಂದೆ. ಅಮ್ಮ ಫೋನಿನಲ್ಲೇ, “ಊರವರ ಹಬ್ಬಕ್ಕೆಲ್ಲ ಇರ್ತೀಯ, ಮನೆ ಹಬ್ಬಕ್ಕೆ ಮಾತ್ರ ಇರಲ್ಲ. ಇನ್ನು ಈ ಮನೆಗೆ ಬರ್ಲೇಬೇಡ” ಅಂದಳು. ನನಗೂ ಆಗ ತುಂಬ ನೋವಾಗಿತ್ತು ಅಕ್ಕಾ, ಸುಳ್ಳು ಹೇಳುವುದಿಲ್ಲ. ಫೋಟೋಗಳಲ್ಲಿ ನನ್ನ ಎಡಗಡೆ ಇವತ್ತಿಗೂ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಇದೆ. ಆದರೆ ಅಮ್ಮ ಸಿಟ್ಟಿನಲ್ಲಿ ಅಂದ ಮಾತನ್ನು ನೀನು ಹೀಗೆ ಪಾಲಿಸಿಕೊಂಡು ಹೋಗುತ್ತೀಯ ಎಂದು ಯಾರೂ ಎಣಿಸಿರಲಿಲ್ಲ. ಹುಟ್ಟಿದಾಗಿನಿಂದ ಅಮ್ಮ ಹೇಳಿದ ಒಂದು ಮಾತನ್ನಾದರೂ ಕೇಳಿದವಳೇ ನೀನು? ಕೇಳಲಿಕ್ಕೆ ನಿನಗೆ ಇದೊಂದೇ ಸಿಕ್ಕಿತೇ?

ನಾನೀಗ ಪ್ರವಾಸ ಏರ್ಪಡಿಸುವ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿ ಎಲ್ಲ ಪ್ರವಾಸವೂ ಹಬ್ಬಗಳ ಸುತ್ತಲೇ. ನದಿಗೆ ದೀಪ ಬಿಡುವ ಊರು, ಹಿಮದಲ್ಲಿ ಅರಮನೆ ಕಟ್ಟುವ ಊರು, ಮೂರು ದಿನ ಬೀದಿಯಲ್ಲೇ ಕುಣಿಯುವ ಊರು, ಹೀಗೆ ಜಗತ್ತಿನ ಎಲ್ಲ ಮೂಲೆಗೂ ಜನರನ್ನು ಕಳಿಸುತ್ತೇವೆ. ನನ್ನೆದುರಿನ ಗೋಡೆಗೆ ಹನ್ನೆರಡು ತಿಂಗಳ ಉದ್ದನೆಯ ಹಾಳೆ ಅಂಟಿಸಿದೆ. ಕೆಲವು ಹಬ್ಬಗಳು ಪ್ರತಿ ವರ್ಷ ಒಂದೇ ತಾರೀಖಿಗೆ ಬರುತ್ತವೆ, ಕೆಲವು ಚಂದ್ರನನ್ನು ನಂಬಿಕೊಂಡು ಹಿಂದೆ ಮುಂದೆ ಓಡಾಡುತ್ತವೆ. ಅವುಗಳ ಲೆಕ್ಕ ಹಾಕಲಿಕ್ಕೆಂದೇ ನಿವೃತ್ತ ಗಣಿತದ ಮೇಷ್ಟ್ರೊಬ್ಬರಿದ್ದಾರೆ. ಅವರಿಗೆ ನಾವಿಟ್ಟ ಹೆಸರು ‘ಹುಣ್ಣಿಮೆ ಮೇಷ್ಟ್ರು’. ಅವರು ದಿನ ಹೇಳಿದ ಮೇಲೆ ನಮ್ಮ ಕೆಲಸ ಶುರು. ಹಬ್ಬದ ದಿನವನ್ನು ಮೊಳೆ ಹೊಡೆದ ಹಾಗೆ ನಿಲ್ಲಿಸಿ ಅಲ್ಲಿಂದ ಹಿಂದಕ್ಕೆ ಎಣಿಸುತ್ತೇವೆ: ಒಂದು ದಿನ ಸುಸ್ತು ಕಳೆಯಲು, ಒಂದು ದಿನ ವಿಮಾನಕ್ಕೆ. ಒಂದು ದಿನ ಬೇಗ ಹೋದರೂ ರೂಮಿನ ಬಾಡಿಗೆ ದಂಡ ಎನ್ನುತ್ತಾರೆ ನಮ್ಮ ಯಜಮಾನರು. ಈ ಕೆಲಸಕ್ಕೆ ಯಾಕೆ ಸೇರಿದೆ ಎಂದು ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಿನಗೆ ಹೇಳಬಹುದು: ನಿನ್ನನ್ನು ಹುಡುಕಲಿಕ್ಕೆ.

ಎರಡು ಸಲ ಹುಡುಕಿದೆ ಕೂಡ. ಕಾರ್ಡಿನ ಮೇಲಿನ ಅಂಚೆ ಮುದ್ರೆ ನೋಡಿ, ಮರುವರ್ಷ ಅದೇ ಊರಿಗೆ ಹೊರಟ ಗುಂಪಿನ ಜೊತೆ ನಾನೂ ಹೋದೆ. ಮೊದಲ ಸಲ ಮುಖವಾಡದ ಮೆರವಣಿಗೆಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಂತಿದ್ದೆ. ಎಲ್ಲರೂ ಮುಖ ಮುಚ್ಚಿಕೊಂಡಿರುವ ಕಡೆ ಅಕ್ಕನ ಮುಖ ಹುಡುಕುವ ಬುದ್ಧಿವಂತೆ ನಾನೊಬ್ಬಳೇ ಇರಬೇಕು. ಎರಡನೇ ಸಲ ದೀಪದ ಊರಿನಲ್ಲಿ ಹೊಲಿಗೆಯವರ ಶೆಡ್ಡನ್ನೇ ಪತ್ತೆ ಮಾಡಿದೆ. ಬಾಗಿಲಿಗೆ ಬೀಗ. ಕಿಟಕಿಯಲ್ಲಿ ಇಣುಕಿದರೆ ನೆಲದ ತುಂಬ ನೂಲಿನ ಚೂರು, ಸೀಮೆಸುಣ್ಣದ ಪುಡಿ, ಮಗುಚಿಟ್ಟ ಲೋಟಗಳು. ಎಲ್ಲರೂ ಹಬ್ಬ ನೋಡಲು ಹೋಗಿರಬೇಕು, ಮುಗಿದ ಮೇಲೆ ಬರುತ್ತಾರೆ ಎಂದುಕೊಂಡು ಆ ಬಾಗಿಲ ಮೆಟ್ಟಿಲ ಮೇಲೆಯೇ ಸಂಜೆತನಕ ಕೂತಿದ್ದೆ. ನದಿ ಕಡೆಯಿಂದ ಹಾಡು ಕೇಳುತ್ತಿತ್ತು. ಒಬ್ಬರೂ ಬರಲಿಲ್ಲ. ಪೆಚ್ಚುಮೋರೆ ಹಾಕಿಕೊಂಡು ವಾಪಸು ಬಂದು, ದೀಪ ತುಂಬಾ ಚೆನ್ನಾಗಿತ್ತು ಎಂದು ಎಲ್ಲರಿಗೂ ಹೇಳಿದೆ. ನಾನು ದೀಪ ನೋಡಿಯೇ ಇರಲಿಲ್ಲ.

ಕಳೆದ ತಿಂಗಳು ಕೆಲಸ ಕಡಿಮೆಯಿದ್ದ ಒಂದು ಮಧ್ಯಾಹ್ನ ಹತ್ತೊಂಬತ್ತೂ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೆ. ಹುಣ್ಣಿಮೆ ಮೇಷ್ಟ್ರು ಹಿಂದೆ ಬಂದು ನಿಂತು, “ಇದೇನಮ್ಮ, ಒಂದರಲ್ಲೂ ಜನಾನೇ ಇಲ್ಲ?” ಅಂದರು. ನಿಜ ಅಕ್ಕಾ! ಖಾಲಿ ಬೀದಿ, ಒರಗಿಸಿಟ್ಟ ಏಣಿಗಳು, ಬಟ್ಟೆ ಹೊದಿಸದ ಕಂಬಗಳು, ನೀರಿಲ್ಲದ ಕಾರಂಜಿ. ಮುದ್ರೆಗಳ ತಾರೀಖನ್ನು ಗೋಡೆಯ ಹಾಳೆಗೆ, ಹಿಂದಿನ ವರ್ಷಗಳ ಹಾಳೆಗಳಿಗೆ ಹೋಲಿಸಿದೆವು. ಪ್ರತಿಯೊಂದೂ ಹಬ್ಬಕ್ಕೆ ಒಂದು ದಿನವೋ ಎರಡು ದಿನವೋ ಮುಂಚಿನದು. ಮೇಷ್ಟ್ರು ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು, “ಹಬ್ಬ ನೋಡೋರು ಬರೋ ಹೊತ್ತಿಗೆ ಹೊಲಿಯೋರ ಕೆಲಸ ಮುಗ್ದಿರುತ್ತಲ್ಲಮ್ಮ, ಅವರು ಮುಂದಿನ ಊರಿಗೆ ಹೊರಟಿರ್ತಾರೆ” ಅಂದರು. ನಾನು ತಲೆ ಚಚ್ಚಿಕೊಂಡೆ. ಹಬ್ಬದ ದಿನಕ್ಕೆ ಜನರನ್ನು ತಲುಪಿಸುವುದೇ ಕಸುಬಾದ ನನಗೆ, ಆ ದಿನ ಅಲ್ಲಿ ಇಲ್ಲದವರೂ ಇರುತ್ತಾರೆ ಎಂದು ಹೊಳೆದಿರಲೇ ಇಲ್ಲ. ಆ ಮೆಟ್ಟಿಲ ಮೇಲೆ ಸಂಜೆತನಕ ನಾನು ಕಾದದ್ದು ಯಾರಿಗೆ? ನೀನು ಅಷ್ಟೊತ್ತಿಗೆ ಯಾವುದೋ ರೈಲಿನಲ್ಲಿ ನಿದ್ದೆ ಹೊಡೆಯುತ್ತಿದ್ದೆ.

ಹಾಗಾದರೆ ಮುಂದಿನ ಊರು ಯಾವುದು? ಅದನ್ನು ಹೇಳಿದವಳು ಅಮ್ಮ, ತನಗೇ ಗೊತ್ತಿಲ್ಲದೆ. ಬಟ್ಟೆಯಲ್ಲಿ ಹಕ್ಕಿ ಹೊಲಿದು ಆಕಾಶಕ್ಕೇರಿಸುವ ಉತ್ಸವದವರು ಆಫೀಸಿಗೆ ಕಳಿಸಿದ ದೊಡ್ಡ ಪೋಸ್ಟರೊಂದನ್ನು ಮಗಳಿಗೆಂದು ಮನೆಗೆ ಒಯ್ದಿದ್ದೆ. ಈ ಸಲದ ಹಬ್ಬಕ್ಕೆ ಹೊಲಿಯುತ್ತಿರುವ, ಮನೆಯಷ್ಟು ದೊಡ್ಡ ಹಕ್ಕಿಯ ಒಂದು ರೆಕ್ಕೆಯನ್ನು ತೀರಾ ಹತ್ತಿರದಿಂದ ತೆಗೆದ ಚಿತ್ರ. ಒಂದೊಂದು ಹೊಲಿಗೆಯೂ ಬೆರಳುದ್ದ. ಅಮ್ಮ ಹೊಲಿಗೆ ಮಿಷನ್ನು ನಿಲ್ಲಿಸಿ ಎದ್ದು ಬಂದಳು. ಅಂಚನ್ನು ಹೊರಗೆ ಮಡಿಸಿ, ಮೂರು ಹೊಲಿಗೆಗೊಮ್ಮೆ ಒಂದು ಹೆಜ್ಜೆ ಹಿಂದಕ್ಕೆ ಬರುವ ಆ ಹೊಲಿಗೆಯ ಮೇಲೆ ಬೆರಳಾಡಿಸಿದಳು. ನಮ್ಮಿಬ್ಬರಿಗೂ ಕಲಿಸಿದ್ದಳಲ್ಲ, ನಾನು ಕಲಿಯಲಿಲ್ಲ, ನೀನು ಕಲಿತೆ. “ಇದು ನಾನು ಕಲಿಸಿದ ಕೈ” ಅಂದಳು, ಅಷ್ಟೆ. ಮತ್ತೆ ಹೋಗಿ ಮಿಷನ್ನಿನ ಮುಂದೆ ಕೂತಳು. ಮಾರನೇ ದಿನ ತರಕಾರಿ ಹೆಚ್ಚುತ್ತಾ, ಯಾರನ್ನೋ ಕೇಳುವವಳ ಹಾಗೆ, “ಆ ಹಕ್ಕಿ ಊರಲ್ಲಿ ಚಳಿ ಜಾಸ್ತಿನಾ?” ಅಂದಳು. ನಿನ್ನ ಕಾರ್ಡುಗಳನ್ನು ಅವಳು ಮಿಷನ್ನಿನ ಡ್ರಾಯರಿನಲ್ಲಿ ಇಟ್ಟುಕೊಳ್ಳುತ್ತಾಳೆ, ಕತ್ತರಿಯ ಕೆಳಗೆ. ನನಗೆ ಬೇಕೆಂದರೆ ಕೇಳಿ ತೆಗೆದುಕೊಳ್ಳಬೇಕು, ಎಣಿಸಿ ವಾಪಸು ಕೊಡಬೇಕು.

ಆ ಉತ್ಸವದ ಆಫೀಸಿಗೆ ಫೋನು ಮಾಡಿದೆ. ಶೆಡ್ಡಿನಲ್ಲಿ ಅರವತ್ತು ಜನರಿದ್ದಾರೆ, ಹೆಸರು ಹೇಳಿದರೆ ಗೊತ್ತಾಗುವುದಿಲ್ಲ, ಕಾಗದ ಬಂದರೆ ಬಾಗಿಲ ಹಲಗೆಗೆ ಸಿಕ್ಕಿಸುತ್ತೇವೆ ಅಂದರು. ಸರಿ, ಹಲಗೆಯನ್ನೇ ನಂಬಿ ಬರೆಯುತ್ತಿದ್ದೇನೆ. ಮೇಷ್ಟ್ರ ಲೆಕ್ಕದಂತೆ ಹಬ್ಬ ಏಪ್ರಿಲ್ ಹನ್ನೆರಡು, ಶನಿವಾರ. ನಾನು ಬರುವುದು ಏಳು, ಸೋಮವಾರ. ‘ಹಬ್ಬಕ್ಕೆ ಮುಂಚಿನ ಪ್ರವಾಸ’ ಅಂತ ಒಂದು ಹೊಸದನ್ನು ಯಜಮಾನರ ಮುಂದಿಟ್ಟೆ. “ಏಣಿ ನೋಡೋಕೆ ಯಾರಮ್ಮ ಬರ್ತಾರೆ?” ಎಂದು ನಕ್ಕರು. ಇಲ್ಲಿಯವರೆಗೆ ಹೆಸರು ಕೊಟ್ಟವರು ಒಬ್ಬರೇ, ಅದು ನಾನು. ಆದರೆ ನನಗೆ ನಿಜವಾಗಿ ಕುತೂಹಲ ಅಕ್ಕಾ. ಅಷ್ಟು ದೊಡ್ಡ ರೆಕ್ಕೆಯನ್ನು ಎಲ್ಲಿ ಹಾಸಿಕೊಂಡು ಹೊಲಿಯುತ್ತೀರಿ? ಅದರ ಮೇಲೆಯೇ ಕೂತುಕೊಳ್ಳುತ್ತೀರಾ? ಭಾಷೆ ಬಾರದವರೆಲ್ಲ ಸೇರಿ ಹೇಗೆ ಜಗಳ ಆಡುತ್ತೀರಿ? ಎಲ್ಲಕ್ಕಿಂತ ಮುಖ್ಯವಾಗಿ, ಇಷ್ಟು ವರ್ಷದಲ್ಲಿ ನೀನು ಒಂದಾದರೂ ಹಬ್ಬ ನೋಡಿದ್ದೀಯಾ? ಈ ಸಲ ಶುಕ್ರವಾರವೇ ಗಂಟುಮೂಟೆ ಕಟ್ಟಬೇಡ. ಒಂದು ದಿನ ನಿಲ್ಲು. ನೀನು ಹೊಲಿದ ಹಕ್ಕಿ ಮೇಲೇಳುವುದನ್ನು ಇಬ್ಬರೂ ಜೊತೆಯಲ್ಲಿ ನೋಡೋಣ. ಅಮ್ಮನಿಗೆ ಈ ಕಾಗದದ ವಿಷಯ ಹೇಳಿಲ್ಲ, ಹೇಳುವ ಧೈರ್ಯವೂ ಇಲ್ಲ. ಅವಳು ತನ್ನ ಮಾತನ್ನು ವಾಪಸು ತೆಗೆದುಕೊಳ್ಳುವ ಜಾತಿಯಲ್ಲ, ನೀನು ಕರೆಸಿಕೊಳ್ಳದೆ ಬರುವ ಜಾತಿಯಲ್ಲ. ನಡುವೆ ಸಿಕ್ಕಿಕೊಂಡವಳು ನಾನು.

ನನ್ನ ಮಗಳು ಕಾರ್ಡ್ ದೊಡ್ಡಮ್ಮನಿಗೆ ಮುತ್ತು ಕಳಿಸಿದ್ದಾಳೆ. ನಮ್ಮವರು ಕೇಳಿದೆ ಎಂದು ತಿಳಿಸಲು ಹೇಳಿದ್ದಾರೆ. ಸೂಜಿ ಚುಚ್ಚಿಕೊಳ್ಳದೆ ಹುಷಾರಾಗಿರು.

ಚಿಕ್ಕಂದಿನಿಂದ ನಿನ್ನ ಹಿಂದೆಯೇ ಬರುವ,
ನಿನ್ನ ಬಾಲ

ತಾ.ಕ.: ಮನೆಗೆ ಬಂದು ಗೋಂದು ಹುಡುಕುವಷ್ಟರಲ್ಲಿ ಅಮ್ಮ ಕಾಗದವನ್ನು ಪೂರ್ತಿ ಓದಿಬಿಟ್ಟಿದ್ದಾಳೆ. ಕನ್ನಡಕ ಕಾಣುತ್ತಿಲ್ಲ ಎಂದು ಬೆಳಗಿನಿಂದ ಗೊಣಗುತ್ತಿದ್ದವಳಿಗೆ ಅದು ಎಲ್ಲಿಂದ ಸಿಕ್ಕಿತೋ ಕಾಣೆ. ಬೈಗುಳಕ್ಕೆ ತಯಾರಾಗಿ ನಿಂತೆ. ಬೈಯಲಿಲ್ಲ. “ಬರ್ಬೇಡ ಅಂದವಳು ನಾನು. ಹಾಗಾಗಿ ಅವಳು ಬರೋದು ಬೇಡ, ನಾನೇ ಹೋಗ್ತೀನಿ” ಅಂದಳು. ಹಬ್ಬದ ದಿನ ತುಂಬ ಜನ ಇರ್ತಾರಮ್ಮ ಅಂದರೆ, “ಹಬ್ಬ ಯಾರಿಗೆ ಬೇಕು, ಶೆಡ್ಡು ತೋರ್ಸು ಸಾಕು” ಅಂತಾಳೆ. ಪ್ರವಾಸಕ್ಕೆ ಈಗ ಇಬ್ಬರು. ಇನ್ನು ನೀನು ಹತ್ತೊಂಬತ್ತು ಸಲ ಕೇಳಿದ್ದಕ್ಕೆ ಉತ್ತರ: ಎಡ ಮೊಣಕಾಲು ಈಗ ಮಡಚಲು ಬರುವುದಿಲ್ಲ, ನೆಲದ ಮೇಲೆ ಕೂರಲಾರಳು. ಸೋಮವಾರ ಶೆಡ್ಡಿನಲ್ಲಿ ಒಂದು ಕುರ್ಚಿ ಹಾಕಿಟ್ಟಿರು.