ಬ್ರಂಚ್ ಕಂಡುಹಿಡಿದ ಪುಣ್ಯಾತ್ಮ

ಅತ್ತಿಯವರಿಗೆ, ಜರ್ಮನಿಯ ಅಬ್‌ಸ್ಟಾಟಿನಿಂದ ನಿಮ್ಮ ಸೊಸೆಯ ನಮಸ್ಕಾರ.

ನೀವು ಗದಗಿನಿಂದ ಇಲ್ಲಿಗೆ ಬಂದ ಮೊದಲ ರವಿವಾರ ನಾನು ಐದಕ್ಕೇ ಎದ್ದು, ಸ್ನಾನ ಮಾಡಿ, ದೀಪ ಹಚ್ಚಿ, ಉಪ್ಪಿಟ್ಟು ಮಾಡಿಟ್ಟಿದ್ದೆ. ದಿನಾ ಹೀಗೇ ಏಳುವವಳ ಹಾಗೆ ಮುಖ ಮಾಡಿಕೊಂಡಿದ್ದೆ, ನೆನಪಿದೆಯಾ? ನಿಮ್ಮ ಮೊಮ್ಮಗಳು ಕಣ್ಣುಜ್ಜುತ್ತ ಬಂದು, ಇವತ್ತು ಬ್ರಂಚ್ ಇಲ್ಲವಾ ಎಂದು ಜರ್ಮನ್‌ನಲ್ಲಿ ಕೇಳಿದಳು. ನಿಮ್ಮ ಮಗ ಅದನ್ನು ಕನ್ನಡದಲ್ಲಿ ಹೇಳಿ ನನ್ನ ಮಾನ ಕಳೆದರು. ವಾರವಿಡೀ ಆಫೀಸು, ಮನೆ ಎಂದು ಓಡುವ ನಾನು ರವಿವಾರ ಹತ್ತರವರೆಗೆ ಮಲಗುತ್ತೇನೆ, ಹನ್ನೊಂದಕ್ಕೆ ನಾಷ್ಟಾ, ಊಟ ಎರಡೂ ಒಂದೇ ಎಂಬುದೆಲ್ಲ ಹೊರಬಿತ್ತು. ಪೂಜೆಯಾಗದೆ ನೀರೂ ಮುಟ್ಟದ ನೀವು ಏನನ್ನುತ್ತೀರೋ ಎಂದು ನಿಮ್ಮ ಮುಖವನ್ನೇ ನೋಡಿದೆ.

ಇದನ್ನು ಯಾವ ಪುಣ್ಯಾತ್ಮ ಕಂಡುಹಿಡಿದ ಎಂದು ಕೇಳಿದಿರಿ. ಫೋನಿನಲ್ಲಿ ಹುಡುಕಿ ಓದಿ ಹೇಳಿದೆ. ನೂರು ವರ್ಷಕ್ಕೂ ಹಿಂದೆ ಒಬ್ಬ ಇಂಗ್ಲಿಷಿನವನು ಬ್ರೇಕ್‌ಫಾಸ್ಟಿನ ತಲೆಗೆ ಲಂಚಿನ ಬಾಲ ಸೇರಿಸಿದ ಈ ಹೆಸರು ಹಿಡಿದು ಪತ್ರಿಕೆಯಲ್ಲಿ ವಕಾಲತ್ತು ಮಾಡಿದ್ದನಂತೆ. ಶನಿವಾರ ಕುಡಿದು ಮೋಜು ಮಾಡಿದವರು ರವಿವಾರ ತಡವಾಗಿ ಏಳಲಿ ಎಂದು. ಕುಡಿದವರು ಎನ್ನುವಾಗ ನನ್ನ ದನಿ ತಾನಾಗಿ ಇಳಿಯಿತು.

ನೀವು ತಟ್ಟೆ ಸರಿಸಿ ಹೇಳಿದಿರಿ: “ಕುಡದವರು ಮಲಗಲಿ ಅಂತ ಒಂದು ಊಟಾನ ಹುಟ್ಟಿಸ್ಯಾರ. ದುಡದವರು ಮಲಗಲಿ ಅಂತ ಯಾರೂ ಹುಟ್ಟಿಸಲಿಲ್ಲ ನೋಡವಾ. ಮುಂದಿನ ಐತಾರ ನೀ ಏಳಬ್ಯಾಡ.”

ಮುಂದಿನ ರವಿವಾರ ಬೆಳಗಿನ ಏಳಕ್ಕೆ ನೀರು ಕುಡಿಯಲು ಎದ್ದವಳು ನಿಮ್ಮ ಕೋಣೆಯತ್ತ ಇಣುಕಿದೆ. ಕಣ್ಣು ಬಿಟ್ಟುಕೊಂಡೇ ಮಲಗಿದ್ದಿರಿ, ಬಳೆ ಸದ್ದಾಗದಂತೆ ಕೈಗೆ ಸೆರಗು ಸುತ್ತಿಕೊಂಡು. ಜೀವಮಾನವೆಲ್ಲ ಐದಕ್ಕೆ ಎದ್ದವರು, ನನ್ನ ನಿದ್ದೆಗಾಗಿ ಅಷ್ಟು ಹೊತ್ತು ಹಾಗೆ... ಹೆತ್ತವ್ವನೂ ನನಗೆ ಇಷ್ಟು ಮಾಡಿರಲಿಲ್ಲ. ಇದನ್ನು ಅಂದೇ ನಿಮ್ಮ ಕೈ ಹಿಡಿದು ಹೇಳಬೇಕಿತ್ತು. ಯಾಕೆ ಹೇಳಲಿಲ್ಲವೋ. ಸಂಕೋಚ, ಇನ್ನೇನು.

ನಿಮಗೆ ಗೊತ್ತಿರದ ಸುದ್ದಿ ಒಂದಿದೆ. ನೀವು ಗದಗಿನ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದ್ದು ರವಿವಾರ, ನಮ್ಮಲ್ಲಿ ಆಗ ಬೆಳಗಿನ ಎಂಟು. ಫೋನ್ ಬಂದದ್ದು ಹತ್ತಕ್ಕೆ. ಎರಡು ತಾಸು ಯಾಕೆ ಸುಮ್ಮನಿದ್ದೆ ಎಂದು ನಿಮ್ಮ ಮಗ ತಂಗಿಯ ಮೇಲೆ ರೇಗಿದರು. ಅವಳು ಅಳುತ್ತ ಹೇಳಿದಳು: “ಅವ್ವನ ಹೇಳಿದ್ಲು ಅಣ್ಣಾ, ನಿನ್ನೆ ಸಂಜೀಕ. ಏನ ಆದ್ರೂ ಅಲ್ಲೆ ಹತ್ತರ ಒಳಗ ಫೋನ್ ಹಚ್ಚಬ್ಯಾಡ, ಅಕಿ ಮಲಗಿರ್ತಾಳ ಅಂತ.”

ಮಲಗಿದ್ದೆ, ಅತ್ತಿ. ಒಳ್ಳೆಯ ನಿದ್ದೆ ಬಂದಿತ್ತು.