ರಬ್ಬರ್ ಕೈ

ಶನಿವಾರ, ತಾರೀಖು ಹದಿನಾಲ್ಕು

ಮುದ್ದಿನ ಪುಟ್ಟಿಗೆ,

ಹೇಗಿದ್ದೀಯ ಕಂದಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ ಇಲ್ಲವೋ, ನಿಂತು ನಿಂತು ಕಾಲು ಬಾತಿದೆಯೋ ಏನೋ. ಬರೆಯುವುದು ತಡವಾಯಿತು, ಕೋಪ ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ನೀನು ನನ್ನ ದನಿಯಲ್ಲೇ ಎಲ್ಲ ಕಂಡುಹಿಡಿದುಬಿಡುತ್ತೀಯ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳ ಬರವಣಿಗೆ, ತಪ್ಪಿದ್ದರೆ ನೀನೇ ಸರಿಮಾಡಿಕೊಂಡು ಓದು.

ಹೋದ ಸಲ ನೀನು ಅತ್ತಿದ್ದು ಇನ್ನೂ ಕಿವಿಯಲ್ಲೇ ಇದೆ. "ಅಮ್ಮಾ, ನರ್ಸಿಂಗ್ ಕಾಲೇಜಲ್ಲಿ ರಬ್ಬರ್ ಕೈಗೆ ಸೂಜಿ ಚುಚ್ಚಿ ಕಲಿತ್ವಿ. ಅದರ ನರ ಇದ್ದಲ್ಲೇ ಇರುತ್ತೆ, ಅದು ಯಾವತ್ತೂ ಅಯ್ಯೋ ಅನ್ನಲ್ಲ. ಇಲ್ಲಿ ಜನ ಕೈ ಎಳ್ಕೊಳ್ತಾರೆ, ಬೈತಾರೆ. ಒಬ್ಳಿಗೇ ಇಡೀ ವಾರ್ಡು. ನನ್ ಕೈಲಾಗಲ್ಲ, ಬಂದ್ಬಿಡ್ತೀನಿ" ಅಂದೆ. ನಾನು ಏನೆಂದೆ? "ಯಾರಾದ್ರೂ ಕೈ ಕೊಟ್ರೆ ತಾನೇ ಕಲಿಯೋದು? ಕೊಡ್ತಾರೆ, ಗಟ್ಟಿ ಮನಸ್ಸು ಮಾಡು" ಎಂದು ದೊಡ್ಡ ಮಾತಾಡಿ ಫೋನಿಟ್ಟೆ. ನೀನು ಪಾಸಾದಾಗ ಬೀದಿಗೆಲ್ಲ ಹೇಳಿಕೊಂಡು ಬಂದವಳು ನಾನು. ಭಯವಾದಾಗ ಏನು ಮಾಡಬೇಕೆಂದು ಆ ಕಾಲೇಜಿನಲ್ಲಿ ಯಾರಾದರೂ ಹೇಳಿಕೊಟ್ಟರಾ ಎಂದು ಒಂದು ಸಲವೂ ಕೇಳಲಿಲ್ಲ.

ನಿಮ್ಮಪ್ಪ ಹಾಗೇ ಇದ್ದಾರೆ. ಗಳಿಗೆಗೊಮ್ಮೆ ನಾನು ಫೋನು ತೆಗೆದರೆ, "ನರ್ಸು ಅವಳೋ ನೀನೋ? ಫೋನಿಗೇ ಜ್ವರ ಬಂದಂಗೆ ಮುಟ್ಟಿ ಮುಟ್ಟಿ ನೋಡ್ತೀಯಲ್ಲೇ!" ಎಂದು ರೇಗಿಸುತ್ತಾರೆ.

ಇರುವುದೋ ಬಿಡುವುದೋ ನಿನಗೇ ಬಿಟ್ಟದ್ದು. ಬಂದರೆ ಬಾ, ಯಾಕೆ ಬಂದೆ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ದೇವರು ನಿನ್ನ ಕೈ ನಡುಗದ ಹಾಗೆ ಕಾಯಲಿ.

ನಿನ್ನ
ಅಮ್ಮ

ತಾ.ಕ.: ಬರೆಯುವುದು ಯಾಕೆ ತಡವಾಯಿತೆಂದು ಹೇಳದೆ ಲಕೋಟೆ ಅಂಟಿಸಲು ಆಗುತ್ತಿಲ್ಲ. ಗಾಬರಿಯಾಗಬೇಡ, ಈಗ ಚೆನ್ನಾಗಿದ್ದೇನೆ. ಹೋದ ವಾರ, ನಿನ್ನ ಆ ಫೋನು ಬಂದ ಮೇಲೆ, ವಾಂತಿಭೇದಿಯಾಗಿ ಇಲ್ಲಿಯ ಆಸ್ಪತ್ರೆ ಸೇರಿದ್ದೆ. ಡ್ರಿಪ್ ಹಾಕಲು ನಿನ್ನ ವಯಸ್ಸಿನ ಹುಡುಗಿ ಬಂದಳು, ಹೊಸಬಳು. ಒಂದು ಸಲ ಚುಚ್ಚಿದಳು, ನರ ಸಿಗಲಿಲ್ಲ. "ಸಾರಿ ಆಂಟಿ, ಇನ್ನೊಂದ್ಸಲ ನೋಡ್ಲಾ?" ಎಂದಳು. ನಾನು ಅಯ್ಯೋ ಎಂದು ಕೈ ಎಳೆದುಕೊಂಡು, ವಾರ್ಡಿಗೆಲ್ಲ ಕೇಳುವಂತೆ, "ಕೆಲಸ ಬರೋರನ್ನ ಕಳಿಸಮ್ಮಾ" ಅಂದುಬಿಟ್ಟೆ. ಅವಳು ತಲೆ ತಗ್ಗಿಸಿ ಟ್ರೇ ಎತ್ತಿಕೊಂಡು ಹೋದಳು. ದೊಡ್ಡ ಸಿಸ್ಟರ್ ಬಂದು ಹಾಕಿದರು. ಮನೆಗೆ ಕಳಿಸುವವರೆಗೂ ಬಾಗಿಲನ್ನೇ ನೋಡುತ್ತಿದ್ದೆ. ಆ ಹುಡುಗಿ ನನ್ನ ಮಂಚದ ಕಡೆ ಬರಲೇ ಇಲ್ಲ. ಆವತ್ತು ಅವಳೂ ಅವರಮ್ಮನಿಗೆ ಫೋನು ಮಾಡಿರುತ್ತಾಳೆ.